ಎಂಬತ್ತು ನಿಮಿಷದೊಳಗೆ ನೀರಿನ ಪದ

ಮೊನ್ನೆ ಜೇವರ್ಗಿಯಿಂದ ಯಡ್ರಾಮಿ ಕಡೆ ಹೊರಟಿದ್ದೆ. ಗಾಡಿಯ ಹಿಂದೆ ರಿವೈಂಡಿಂಗ್ ಮಾಡಿದ ನೀರಿನ ಮೋಟರ್ ಕಟ್ಟಿಕೊಂಡಿದ್ದೆ. ರಸ್ತೆ ಪಕ್ಕದ ಜೋಳದ ಹೊಲದಿಂದ ಒಂದು ಬೆಳಕು ಬಂದು ಸರಕ್ಕನೆ ಕಣ್ಣಿಗೆ ಹೊಡೆಯಿತು. ಗಾಡಿ ನಿಲ್ಲಿಸಿದೆ. ತೆನೆಗೆ ಹಾಲು ತುಂಬಿದ ಹೊತ್ತು, ಗಿಣಿ ಬರಬಾರದೆಂದು ಹೊಲದ ತುಂಬ ಹಗ್ಗ ಎಳೆದು ಹಳೆಯ ಸಿಡಿಗಳನ್ನು ಇಳಿಬಿಟ್ಟಿದ್ದರು. ಗಾಳಿಗೆ ಅವು ಗರಗರ ತಿರುಗುತ್ತಿದ್ದವು. ಎಲ್ಲವೂ ನಡುವಿನ ತೂತಿಗೆ ದಾರ ಹಾಕಿಸಿಕೊಂಡು ನೇತಾಡುತ್ತಿದ್ದರೆ, ಒಂದು ಮಾತ್ರ ಅಂಚಿಗೆ ಹೊಡೆದ ಬೇರೆ ತೂತಿನಿಂದ ಸೊಟ್ಟಗೆ ಜೋತುಬಿದ್ದಿತ್ತು. ಅದನ್ನು ನೋಡಿದ ಕೂಡಲೇ ಹೊಲ ಯಾರದೆಂದು ಗೊತ್ತಾಯಿತು. ಹಳೆಯ ಸಿಟ್ಟು ಮತ್ತೆ ಎದ್ದು ಕೂತಿತು.

ಆ ತೂತನ್ನು ನನ್ನ ಕಣ್ಣೆದುರಿಗೇ ಹೊಡೆದದ್ದು. ಕಾದ ಮೊಳೆಯಿಂದ. ಹೊಡೆದವನು ಮಲ್ಲಣ್ಣ. ಆ ಸಿಡಿಯನ್ನು ತಯಾರು ಮಾಡಿದವನು ನಾನು.

ನಾನು ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು. ಮೈಕ್ ಸೆಟ್ಟಿನವರ ಹಿಂದೆ ಹಾರ್ನ್ ಹೊತ್ತು, ವೈರ್ ಎಳೆದು, ಕೊನೆಗೆ ಜೇವರ್ಗಿ ಬಸ್‌ಸ್ಟ್ಯಾಂಡಿನ ಹತ್ತಿರ ಸ್ವಂತದ್ದೊಂದು ಕ್ಯಾಸೆಟ್ ಅಂಗಡಿ ಇಟ್ಟೆ. ಕ್ಯಾಸೆಟ್ಟಿನ ಕಾಲ ಮುಗಿಯುತ್ತಿದೆ ಅನಿಸಿದಾಗ ಯಾರನ್ನೂ ಕೇಳದೆ ಒಂದು ಕಂಪ್ಯೂಟರು ತಂದೆ, ಸಿಡಿ ರೈಟ್ ಮಾಡುವುದನ್ನು ನಾನೇ ಕಲಿತೆ. ಇಂಗ್ಲಿಷು ಓದಲು ಬರುತ್ತಿರಲಿಲ್ಲ. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ಕೆಡಿಸಿ ಕೆಡಿಸಿ ಕಲಿತವನು. ಅದರ ಗರ್ವ ನನಗೆ ಇತ್ತು, ಈಗಲೂ ಇದೆ.

ಆ ವರ್ಷ ಮೊಹರಂ ಚಳಿಗಾಲದಲ್ಲಿ ಬಂದಿತ್ತು. ಜೋಳ ಎದೆಯುದ್ದ ನಿಂತಿತ್ತು, ತೊಗರಿ ರಾಶಿ ಶುರುವಾಗಿತ್ತು. ಹಬ್ಬ ಇನ್ನೂ ದೂರವಿದ್ದಾಗಲೇ ಮಲ್ಲಣ್ಣ ಲಾಲಸಾಬ್ ಮುತ್ತ್ಯಾನನ್ನು ಕರೆದುಕೊಂಡು ಅಂಗಡಿಗೆ ಬಂದ. ಮುತ್ತ್ಯಾ ನಮ್ಮ ಭಾಗದಲ್ಲಿ ಮೊಹರಂ ಪದ ಹಾಡುವ ಮೇಳದ ಹಿರಿಯ, ಮಲ್ಲಣ್ಣ ಅವರ ಜೊತೆ ಹಲಗೆ ಬಾರಿಸುವ ಹಿಮ್ಮೇಳದವ. ಮುತ್ತ್ಯಾ ನಮಾಜಿನವರು, ಮಲ್ಲಣ್ಣ ಕೊರಳಲ್ಲಿ ಲಿಂಗ ಇದ್ದವ. ಮೇಳದಲ್ಲಿ ಅದು ಯಾರಿಗೂ ಲೆಕ್ಕಕ್ಕೆ ಇರಲಿಲ್ಲ. ಕರ್ಬಲಾದ ಕಥೆ ಪೂರ್ತಿ ಬರುತ್ತಿದ್ದುದು ಮುತ್ತ್ಯಾ ಒಬ್ಬರ ಬಾಯಿಗೆ. ಯಾರೂ ಬರೆದಿಟ್ಟಿರಲಿಲ್ಲ. ಆ ಬಾಯಿಗೇ ಈಗ ಕುತ್ತು ಬಂದಿತ್ತು. ಗಂಟಲಲ್ಲಿ ಗಂಟು ಎದ್ದಿದೆ, ಆಪರೇಶನ್ ಆಗಲೇಬೇಕು, ಆಮೇಲೆ ದನಿಯ ಮೇಲೆ ಆಸೆ ಇಟ್ಟುಕೊಳ್ಳಬೇಡಿ ಎಂದು ಸೊಲ್ಲಾಪುರದ ಡಾಕ್ಟರು ಹೇಳಿ ಕಳಿಸಿದ್ದರು.

"ಹಬ್ಬ ಮುಗದು ಅಲಾಯಿ ದೇವರು ಹೊಳೀಗೆ ಹೋಗಲಿ, ಆಮ್ಯಾಲ ಕೊಯ್ಸಕೋತೇನಿ," ಅಂದರು ಮುತ್ತ್ಯಾ. "ಅಷ್ಟ್ರಾಗ ಇದನ್ನ ನಿನ್ನ ಪ್ಲೇಟಿನ್ಯಾಗ ಹಾಕಿ ಕೊಡು. ಆಗ್ತದೇನ್ ಶರಣ್ಯಾ?" ಸಿಡಿಗೆ ನಮ್ಮ ಕಡೆ ಪ್ಲೇಟು ಅನ್ನುತ್ತಿದ್ದರು.

"ಯಾಕ ಆಗಂಗಿಲ್ಲ ಮುತ್ತ್ಯಾ? ನಾ ಇದ್ದೇನಲ್ಲ."

"ಒಂದ ಪ್ಲೇಟಿನ್ಯಾಗ ಬರಬೇಕು ನೋಡಲೇ," ಅಂದ ಮಲ್ಲಣ್ಣ. "ಆ ಆಳಂದ ರಸ್ತಾದವ ನೂರಾ ಐವತ್ತ ಹಾಡ ಒಂದರಾಗ ಹಾಕಿ ಮಾರಾಕತ್ಯಾನ. ನಮ್ಮದು ಒಂದ ಕಥಿ."

"ಬರ್ತದ," ಅಂದೆ. ಆ ಒಂದು ಮಾತು ಆ ಚಳಿಗಾಲವನ್ನೆಲ್ಲ ತಿಂದಿತು.

ರೆಕಾರ್ಡಿಂಗು ನನ್ನ ಅಂಗಡಿಯಲ್ಲೇ ಆಯಿತು. ಶಟರ್ ಎಳೆದು, ಅದಕ್ಕೆ ಗೋಣಿಚೀಲ ಜೋತುಬಿಟ್ಟು, ಫ್ಯಾನ್ ಬಂದ್ ಮಾಡಿದೆವು. ಎಷ್ಟು ಮುಚ್ಚಿದರೂ ಹೆದ್ದಾರಿ ಹೆದ್ದಾರಿಯೇ. ಹಾಡು ಏರಿದ ಹೊತ್ತಿಗೇ ವಿಜಯಪುರದ ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಇಲ್ಲವೆ ಕರೆಂಟು ಹೋಗುತ್ತಿತ್ತು. ಕರೆಂಟು ಹೋದಾಗಲೆಲ್ಲ ಮುತ್ತ್ಯಾ ಮೊದಲಿನಿಂದ ಶುರು ಮಾಡುತ್ತಿದ್ದರು. ನಿಂತಲ್ಲಿಂದ ಹಾಡಿ ಅಂದರೆ ಕೇಳುತ್ತಿರಲಿಲ್ಲ. ಡಾಕ್ಟರು ದನಿಗೆ ತ್ರಾಸು ಕೊಡಬೇಡಿ ಅಂದಿದ್ದರು. ನಾವು ಅದನ್ನೇ ಕೊಡುತ್ತಿದ್ದೆವು. ಮಲ್ಲಣ್ಣನ ಹೆಂಡತಿ ಗಂಗಮ್ಮ ಕಟ್ಟಿ ಕಳಿಸಿದ ರೊಟ್ಟಿ ಅವರಿಗೆ ನುಂಗಲು ಬರುತ್ತಿರಲಿಲ್ಲ, ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದರು. ಅಂತೂ ಒಂದು ಮಧ್ಯಾಹ್ನ, ಕರೆಂಟು ಹೋಗದೆ, ಇಡೀ ಕಥೆ ಕಂಪ್ಯೂಟರಿನೊಳಗೆ ಇಳಿಯಿತು. ಒಂದು ಕಡೆ ಬಸ್ಸಿನ ಹಾರ್ನು ಉಳಿಯಿತು. ಇರಲಿ ಅಂದೆವು.

ಇಳಿದ ಮೇಲೆ ಅಳತೆ ನೋಡಿದೆ. ಕಥೆ ಎರಡು ತಾಸಿಗಿಂತ ಹೆಚ್ಚು. ಸಿಡಿಯ ಅಳತೆ ಎಂಬತ್ತು ನಿಮಿಷ.

ಆದರೂ ನಾನು ಹೆದರಲಿಲ್ಲ. ಎಂಪಿ-ತ್ರೀ ಮಾಡಿದರೆ ಹಾಡು ಸಣ್ಣದಾಗುತ್ತದೆ ಎಂಬುದು ಗೊತ್ತಿತ್ತಲ್ಲ. ಸಾದಾ ರೆಕಾರ್ಡಿಂಗಿನಲ್ಲಿ ಒಂದು ನಿಮಿಷದ ಹಾಡು ಹತ್ತು ಎಂಬಿ ಜಾಗ ತಿಂದರೆ ಎಂಪಿ-ತ್ರೀಯಲ್ಲಿ ಒಂದೇ ಎಂಬಿ. ಎಲ್ಲವನ್ನೂ ಹಾಗೆ ಒತ್ತಿ ಸಣ್ಣದು ಮಾಡಿದೆ. ಆಡಿಯೋ ಸಿಡಿ ಎಂಬ ಗುಂಡಿ ಒತ್ತಿ ಅದರೊಳಗೆ ಹಾಕಿದೆ. ಕೆಂಪು ಗೆರೆ ಬಂತು: ಜಾಗ ಇಲ್ಲ. ಇದೇನು ಮಾಯೆ? ಕಡತ ನೋಡಿದರೆ ಅಂಗೈಯಷ್ಟು, ಸಿಡಿ ನೋಡಿದರೆ ಅಂಗಳದಷ್ಟು, ಆದರೂ ಹಿಡಿಸುವುದಿಲ್ಲ ಅನ್ನುತ್ತದೆ. ಇನ್ನೂ ಒತ್ತಿದೆ. ಮತ್ತೆ ಅದೇ ಕೆಂಪು ಗೆರೆ. ಸಿಡಿ ಕಂಪನಿಯವರಿಗೆ, ಕಂಪ್ಯೂಟರಿನವರಿಗೆ ಎಲ್ಲರಿಗೂ ಬೈದೆ. ಎಷ್ಟೋ ಸಲ ಕೆಡಿಸಿದ ಮೇಲೆ ತಿಳಿಯಿತು. ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯನ್ನು ಒತ್ತಿ ಗಂಟು ಕಟ್ಟಿದರೆ ಲಾರಿಗೆ ಹೆಚ್ಚು ಹಿಡಿಸುತ್ತದೆ, ನಿಜ. ಆದರೆ ಆಡಿಯೋ ಸಿಡಿ ಎಂಬುದು ಗಂಟು ಬಿಚ್ಚಿ, ಹತ್ತಿ ಅರಳಿಸಿ, ಆಮೇಲೆ ತುಂಬಿಕೊಳ್ಳುವ ಲಾರಿ. ಅದಕ್ಕೆ ಎಂಬಿಯ ಲೆಕ್ಕವೇ ಇಲ್ಲ, ನಿಮಿಷದ್ದೇ ಲೆಕ್ಕ. ಗಂಟನ್ನು ಗಂಟಾಗಿಯೇ ಒಯ್ಯಬೇಕೆಂದರೆ ಎಂಪಿ-ತ್ರೀ ಸಿಡಿಯನ್ನೇ ಮಾಡಬೇಕು. ಅದನ್ನು ಬಿಚ್ಚುವ ವಿದ್ಯೆ ಬಾರಿಸುವ ಮಷಿನಿಗೆ ಬರಬೇಕು.

ಹಾಗೇ ಮಾಡಿದೆ. ಇಡೀ ಕಥೆ ಸಿಡಿಯ ಒಂದು ಮೂಲೆಯಲ್ಲಿ ಕೂತಿತು, ಉಳಿದದ್ದೆಲ್ಲ ಖಾಲಿ. ನನ್ನ ಅಂಗಡಿಯ ಮಷಿನಿನಲ್ಲಿ ಚೆನ್ನಾಗಿ ಹಾಡಿತು. ದನಿ ಸ್ವಲ್ಪ ತೆಳ್ಳಗಾಗಿತ್ತು, ಹಲಗೆಯ ಪೆಟ್ಟು ನೀರೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ಆದರೂ ಪೂರ್ತಿ ಇತ್ತು. ಅಲಾಯಿ ಕೂರಿಸಿದ ಮರುದಿನ ಅದನ್ನು ಮುತ್ತ್ಯಾನ ಊರಿಗೆ ಒಯ್ದೆ. ಮಸೂತಿಯ ಮುಂದೆ ಜನ ಸೇರಿದ್ದರು. ಮುತ್ತ್ಯಾ ಹಸಿರು ರುಮಾಲು ಸುತ್ತಿಕೊಂಡು ಚಾಪೆಯ ಮೇಲೆ ಕೂತಿದ್ದರು. ಮೈಕ್ ಸೆಟ್ಟಿನವನ ಡೆಕ್ಕಿಗೆ ಸಿಡಿ ಹಾಕಿದೆ. ಅದು ಒಳಗೆ ಎರಡು ಸುತ್ತು ಕೊರಕೊರ ಅಂದು ಸುಮ್ಮನಾಯಿತು. ತೆಗೆದು, ಅಂಗಿಯಿಂದ ಒರೆಸಿ ಮತ್ತೆ ಹಾಕಿದೆ. ಮತ್ತೆ ಕೊರಕೊರ. ಆ ಹಳೆಯ ಡೆಕ್ಕಿಗೆ ಗಂಟು ಬಿಚ್ಚುವ ವಿದ್ಯೆ ಬರುತ್ತಿರಲಿಲ್ಲ. ಅದರ ಪಾಲಿಗೆ ನನ್ನ ಸಿಡಿ ಖಾಲಿ.

"ಏನ್ಲೇ, ಮೂಕಿ ಪ್ಲೇಟ್ ತಂದೀ?" ಅಂದ ಮಲ್ಲಣ್ಣ. ಜನ ನಕ್ಕರು.

"ಪ್ಲೇಟ್ ಚಲೋ ಅದ. ಮಷಿನ್ ಹಳೇದು."

"ಊರ ತುಂಬ ಇವೇ ಮಷಿನ್ ಅವ. ಊರಿಗೆಲ್ಲ ಹೊಸಾ ಮಷಿನ್ ಕೊಡಸ್ತಿ ಏನ್?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ಉರಿಯಿತು. ಅವನಿಗೂ ಉರಿದಿತ್ತು. ಒಲೆಯಲ್ಲಿ ಮೊಳೆ ಕಾಯಿಸಿ ತಂದು ನನ್ನ ಎದುರಿಗೇ ಸಿಡಿಗೆ ತೂತು ಹೊಡೆದ. "ನಡುವ ತೂತ ಅದಲ್ಲೋ," ಅಂದರು ಯಾರೋ. "ಅದು ಹಾಡೂ ಪ್ಲೇಟಿನ ತೂತ. ಇದು ಗಿಣಿ ಓಡಸೂ ಪ್ಲೇಟು," ಅಂದ. ನನ್ನ ಕಂಪ್ಯೂಟರಿನಲ್ಲಿ ಎಲ್ಲ ಇದೆಯಲ್ಲ ಎಂಬ ಧೈರ್ಯಕ್ಕೆ ನಾನು ಆ ಸಿಡಿಯನ್ನು ಅವನ ಕೈಯಲ್ಲೇ ಬಿಟ್ಟು ಬಂದೆ.

ಉಳಿದದ್ದು ಒಂದೇ ದಾರಿ: ಕಥೆಯನ್ನು ಎರಡು ಆಡಿಯೋ ಸಿಡಿಗೆ ಹಂಚುವುದು. ಮೊದಲನೆಯದು ಎಂಬತ್ತು ನಿಮಿಷ ತುಂಬಿದಲ್ಲಿ ಕತ್ತರಿಸಿ ಮುತ್ತ್ಯಾನಿಗೆ ಕೇಳಿಸಿದೆ. ಸಿಡಿ ನಿಂತ ಕಡೆ ಅವರು ಎದ್ದು ನಿಂತರು.

"ಎಲ್ಲಿ ನಿಂದ್ರಸಿದಿ ಗೊತ್ತದೇನ್ ನಿನಗ? ಕೂಸು ನೀರ ಕೇಳಾಕತ್ತದ. ಬಾಯಿ ತೆರದದ. ಅಲ್ಲಿ ನಿಂದ್ರಸಿ ನೀ ಪ್ಲೇಟ್ ಬದಲ್ ಮಾಡ್ತಿ?"

"ಒಂದ ನಿಮಿಷದ ಮಾತಲ್ಲ ಮುತ್ತ್ಯಾ."

"ಆ ಒಂದ ನಿಮಿಷ ಅದು ಹಂಗ ಬಾಯಿ ತೆರಕೊಂಡ ಕೂಡಬೇಕೇನು?"

ಮೇಳದ ನೇಮ ನನಗೆ ಗೊತ್ತಿಲ್ಲದ್ದೇನಲ್ಲ. ಕರ್ಬಲಾದಲ್ಲಿ ವೈರಿಗಳು ಕುಡಿಯುವ ನೀರು ತಡೆದ ಭಾಗಕ್ಕೆ ನೀರಿನ ಪದ ಅನ್ನುತ್ತಿದ್ದರು. ಅದು ಶುರುವಾದರೆ ಮುಗಿಯುವ ತನಕ ನಿಲ್ಲಿಸುವಂತಿಲ್ಲ. ಅಷ್ಟು ಹೊತ್ತು ಹಾಡುವವರಾಗಲಿ ಕೇಳುವವರಾಗಲಿ ಒಂದು ಗುಟುಕು ನೀರು ಕುಡಿಯುವಂತಿಲ್ಲ. ನಾನು ಸಣ್ಣವನಿದ್ದಾಗ ಅವ್ವನ ಪಕ್ಕದಲ್ಲಿ ಒಣಗಿದ ತುಟಿ ನೆಕ್ಕುತ್ತ ಕೂತವನೇ. ಕಂಪ್ಯೂಟರಿನ ಮುಂದೆ ಕೂತಾಗ ಮಾತ್ರ ನನಗೆ ನಿಮಿಷ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಸರಿ ಎಂದು, ನೀರಿನ ಪದಕ್ಕೆ ಮುಂಚೆ, ಪಯಣದ ಜನರ ಕಾಫಿಲಾ ಬಯಲಿಗೆ ಬಂದು ಡೇರೆ ಹೊಡೆಯುವಲ್ಲಿಗೇ ಮೊದಲನೆಯ ಸಿಡಿ ನಿಲ್ಲಿಸಿದೆ. ಅರ್ಧಕ್ಕೆ ಹತ್ತಿರ ಖಾಲಿ ಉಳಿಯಿತು. ನೀರಿನ ಪದ ಪೂರ್ತಿ ಎರಡನೆಯದರಲ್ಲಿ ಎಂದು ಹಾಕಿದೆ. ಮತ್ತೆ ಕೆಂಪು ಗೆರೆ. ಆ ಪದವೊಂದೇ ಎಂಬತ್ತಕ್ಕಿಂತ ನಾಲ್ಕೈದು ನಿಮಿಷ ಹೆಚ್ಚಿತ್ತು! ಮೊದಲನೆಯ ಸಿಡಿಯಲ್ಲಿ ಜಾಗ ಬಿದ್ದುಕೊಂಡಿದೆ, ಎರಡನೆಯದರಲ್ಲಿ ನಾಲ್ಕು ನಿಮಿಷಕ್ಕೆ ಗತಿ ಇಲ್ಲ. ಕೀಬೋರ್ಡಿಗೆ ಗುದ್ದಿದೆ. ಒಂದು ಗುಂಡಿ ಕಿತ್ತು ಬಂತು.

ಸುಮ್ಮನೆ ಕೂಡುವ ಜಾತಿಯವ ನಾನಲ್ಲ. ಹಾಡಿನ ವೇಗ ಚೂರು ಹೆಚ್ಚಿಸಿ ನೋಡಿದೆ. ಮುತ್ತ್ಯಾನ ದನಿ ಗೀರು ಗೀರು ಅನ್ನತೊಡಗಿತು. "ಇದ್ಯಾವ ಹುಡುಗಿಲೇ?" ಅಂದರು ಅವರು, ನಕ್ಕದ್ದಕ್ಕೆ ಕೆಮ್ಮು ಬಂತು, ಬಹಳ ಹೊತ್ತು ನಿಲ್ಲಲಿಲ್ಲ. ಹಿಮ್ಮೇಳದವರು ಪ್ರತಿ ಸಾಲನ್ನು ಎರಡು ಸಲ ಎತ್ತಿ ಹಾಡುತ್ತಾರಲ್ಲ, ಅಲ್ಲಲ್ಲಿ ಒಂದು ಸಲ ತೆಗೆದುಬಿಡೋಣ ಅಂದೆ. ಮಲ್ಲಣ್ಣ ಅಂಗಡಿಯ ಕಟ್ಟೆಯಿಂದ ಇಳಿದು ರಸ್ತೆಗೆ ಹೋಗಿ ನಿಂತ.

"ನಮ್ಮ ಬಾಯಾಗ ಅರಿವಿ ತುರಕು. ಅವರೊಬ್ಬರ ಹಾಡಿದಂಗ ಮಾಡು. ನಾವ್ಯಾಕ ಬೇಕು?"

"ನಾಲ್ಕ ನಿಮಿಷ ಬೇಕೋ ಮಾರಾಯಾ! ಎಲ್ಲಿಂದ ತರಲಿ? ನೀನ ಹೇಳು."

"ಆಗ್ತದ ಅಂದವ ಯಾರು?"

ಕೊನೆಗೆ ಮುತ್ತ್ಯಾ ಅಂದರು, "ಇನ್ನೊಮ್ಮೆ ಹಾಡ್ತೇನಿ. ಚೂರು ಜಲ್ದಿ ಜಲ್ದಿ." ಬೇಡ ಎಂದೆವು. ಕೇಳಲಿಲ್ಲ. ಮತ್ತೆ ಗೋಣಿಚೀಲ ಕಟ್ಟಿದೆವು. ಎರಡು ನುಡಿ ಹಾಡಿದರು. ಮೂರನೆಯದಕ್ಕೆ ಬಾಯಿ ತೆರೆದರು, ದನಿ ಬರಲಿಲ್ಲ. ಗಾಳಿ ಮಾತ್ರ ಬಂತು. ಮಲ್ಲಣ್ಣ ಹಲಗೆ ಕೆಳಗಿಟ್ಟ. ಹೊರಗೆ ಕಂಡಕ್ಟರನೊಬ್ಬ ಶಹಾಪುರ, ಶಹಾಪುರ ಎಂದು ಕೂಗುತ್ತಿದ್ದ. ಅವನ ಗಂಟಲು ಎಷ್ಟು ಗಟ್ಟಿಯಿತ್ತು ಅಂದರೆ ನನಗೆ ಅವನ ಮೇಲೂ ಸಿಟ್ಟು ಬಂತು.

ಮುತ್ತ್ಯಾ ಗೋಡೆಗೆ ಒರಗಿ ಕೂತರು. ಆಮೇಲೆ ಪಿಸುದನಿಯಲ್ಲಿ ಕೇಳಿದರು, "ಹೆಸರಿನ ನುಡಿ ಎಷ್ಟ ಹೊತ್ತದ?"

ಪದದ ಕೊನೆಗೆ ಊರಿನ ಹೆಸರು, ಕಲಿಸಿದ ಗುರುವಿನ ಹೆಸರು, ಹಿಮ್ಮೇಳದವರ ಹೆಸರು, ಎಲ್ಲಕ್ಕಿಂತ ಕೊನೆಗೆ ಹಾಡಿದವನ ಹೆಸರು ಬರುತ್ತದೆ. ಕಥೆ ಮುಗಿದ ನಿರಾಳದಲ್ಲಿ ಅದನ್ನು ನಿಧಾನವಾಗಿ ಎಳೆದು ಹಾಡುತ್ತಾರೆ. ನೋಡಿದೆ. ಹೆಚ್ಚುಕಮ್ಮಿ ನನಗೆ ಬೇಕಾದಷ್ಟೇ ಇತ್ತು.

"ಅದನ್ನ ತಗಿ."

"ಹಂಗ ಹೆಂಗ ಮುತ್ತ್ಯಾ? ಅದನ್ನ ಮೊದಲನೇದರ ಖಾಲಿ ಜಾಗಾದಾಗ ಹಾಕ್ತೇನಿ."

"ಕಥಿ ಮುಗಿಯೂದ್ರಾಗ ಹೆಸರ ಹೇಳ್ಲೇನು? ಊಟಕ್ಕ ಮೊದಲ ಕೈ ತೊಳದ ಎದ್ದಂಗ."

"ಹಂಗಾದ್ರ ಮೂರನೇದೊಂದು ಸಿಡಿ ಮಾಡ್ತೇನಿ."

"ಒಂದ ನುಡಿಗೆ ಒಂದ ಪ್ಲೇಟೇನು? ನಾ ಏನ್ ನಿಜಾಮನೇನಪಾ?" ಎಂದು ನನ್ನ ಕೈ ಹಿಡಿದರು. "ನನ್ನ ಹೆಸರ ಬಿಡು. ನೀರಿನ ಪದ ನಡುವ ಬಿಡಬ್ಯಾಡ."

ಆ ನುಡಿಯಲ್ಲಿ ಮಲ್ಲಣ್ಣನ ಹೆಸರೂ ಇತ್ತು. ಅವ ತಲೆ ತಗ್ಗಿಸಿ ಕೂತಿದ್ದ. ನಾನು ಮೌಸು ಹಿಡಿದು ಆ ತುಂಡು ಕತ್ತರಿಸಿದೆ. ಕೆಂಪು ಗೆರೆ ಹೋಯಿತು. ಸಿಡಿ ತಯಾರಾಯಿತು. ಅದರ ಮೇಲೆ ಮಾರ್ಕರಿನಿಂದ ದೊಡ್ಡದಾಗಿ ಬರೆದೆ: ನೀರಿನ ಪದ, ಹಾಡಿದವರು ಲಾಲಸಾಬ್. ನನ್ನಿಂದ ಆದದ್ದು ಅಷ್ಟೇ.

ಹಬ್ಬದ ಕೊನೆಯ ದಿನ ಮಸೂತಿಯ ಮುಂದೆ ಅದೇ ಹಳೆಯ ಡೆಕ್ಕಿನಲ್ಲಿ ಎರಡೂ ಸಿಡಿಗಳು ಹಾಡಿದವು. ಹಲಗೆಯ ಪೆಟ್ಟು ಎದೆಗೆ ಬಂದು ಬಡಿಯುತ್ತಿತ್ತು. ಜನ ಅತ್ತರು. ಮುತ್ತ್ಯಾ ತಮ್ಮದೇ ದನಿಯ ಜೊತೆ ತುಟಿ ಆಡಿಸುತ್ತ ಕೂತಿದ್ದರು. ಸಿಡಿ ಮುಗಿಯಿತು. ಅವರ ತುಟಿ ಇನ್ನೂ ಆಡುತ್ತಿತ್ತು. ಅಷ್ಟು ದೊಡ್ಡ ಕೆಲಸ ಮಾಡಿ ಮುಗಿಸಿದ್ದೆ, ಎಲ್ಲರೂ ಶಹಬ್ಬಾಸ್ ಅಂದರು. ನನಗೆ ಮಾತ್ರ ಅಲ್ಲಿ ನಿಲ್ಲಲು ಆಗಲಿಲ್ಲ.

ಮುತ್ತ್ಯಾ ಆಪರೇಶನ್ ಮಾಡಿಸಿಕೊಂಡು ಕೆಲವು ವರ್ಷ ಇದ್ದರು, ಕೈಸನ್ನೆಯಲ್ಲಿ ಮಾತಾಡುತ್ತ. ಆ ಬೇಸಿಗೆಯಲ್ಲೇ ಕರೆಂಟು ಹೆಚ್ಚುಕಡಿಮೆಯಾಗಿ ನನ್ನ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಸುಟ್ಟಿತು. ಕಲಬುರಗಿಗೆ ಒಯ್ದು ಬಿಚ್ಚಿಸಿದರೂ ಏನೂ ಸಿಗಲಿಲ್ಲ. ಮುಂದೆ ಮೊಬೈಲು ಬಂತು, ನನ್ನ ಅಂಗಡಿ ಮೋಟರ್ ಅಂಗಡಿಯಾಯಿತು. ಯಾರೋ ಆ ಸಿಡಿಯಿಂದ ಪದವನ್ನು ಎಳೆದು ಎಂಪಿ-ತ್ರೀ ಮಾಡಿ ಮೊಬೈಲಿಗೆ ಬಿಟ್ಟರು. ಮೊಹರಂ ಬಂದರೆ ಈಗಲೂ ನನ್ನ ಮೊಬೈಲಿಗೆ ಬರುತ್ತದೆ. ಪ್ರತಿ ಸಲ ಬೇರೆ ಬೇರೆ ಮೇಳದ ಹೆಸರು ಅಂಟಿಸಿಕೊಂಡು. ಬಸ್ಸಿನ ಹಾರ್ನು ಇರುವುದರಿಂದ ನನಗೆ ಗುರುತು ಹತ್ತುತ್ತದೆ. ಇದು ಲಾಲಸಾಬ್ ಮುತ್ತ್ಯಾನದು ಎಂದು ಎಷ್ಟು ಜನರ ಜೊತೆ ಜಗಳ ಆಡಿದ್ದೇನೆ! "ಹಾಡಿನ್ಯಾಗ ಹೆಸರೆಲ್ಲಿ ಅದರೀ?" ಎಂದು ಕೇಳುತ್ತಾರೆ.

ಅವರ ಹೆಸರಿನ ನುಡಿ ಉಳಿದದ್ದು ಇಡೀ ಕಥೆ ತುಂಬಿದ್ದ, ಮಲ್ಲಣ್ಣ ತೂತು ಹೊಡೆದ ಆ ಒಂದು ಸಿಡಿಯಲ್ಲಿ ಮಾತ್ರ. ಮೊನ್ನೆ ಹೊಲಕ್ಕೆ ನುಗ್ಗಿ ಅದನ್ನು ಹಿಡಿದು ನೋಡಿದೆ. ವರ್ಷ ವರ್ಷ ಬಿಸಿಲು ತಿಂದು ಬೆಳ್ಳಿಬಣ್ಣ ಹಕ್ಕಳಿಕೆ ಕಿತ್ತು ಹೋಗಿತ್ತು. ಆಚೆ ಕಡೆಯ ಜೋಳ ಈಚೆಯಿಂದ ಕಾಣುತ್ತಿತ್ತು.

"ಯಾರಪಾ ಅದು ಹೊಲದಾಗ?"

ಬದುವಿನ ಮೇಲೆ ಗಂಗಮ್ಮಕ್ಕ ನಿಂತಿದ್ದಳು, ಕೈಯಲ್ಲಿ ಕವಣೆ.

"ನಾ ಬೇ ಯಕ್ಕಾ, ಸಿಡಿ ಶರಣಪ್ಪ."

"ಅಯ್ಯ, ಕವಣಿ ಬೀಸ್ತಿದ್ದೆ ನೋಡು. ಗಿಣಿ ಅಂದಿದ್ದೆ." ನಕ್ಕಳು. ಮಲ್ಲಣ್ಣ ತೊಗರಿ ಒಯ್ದು ಜೇವರ್ಗಿಗೆ ಹೋಗಿದ್ದನಂತೆ. ನನ್ನ ಕೈಯಲ್ಲಿದ್ದುದನ್ನು ನೋಡಿದಳು. "ಅದು ಮೂಕಿ ಪ್ಲೇಟು. ಮೊದಲನೇದೂ ಅಲ್ಲೇ ಎಲ್ಲ್ಯರ ಇರಬೇಕು. ಎರಡನೇದು ಮನ್ಯಾಗ ಅದ. ಅದನ್ನ ಕಟ್ಟಗೊಟ್ಟಿಲ್ಲ ನಾ."

"ಯಾಕ?"

"ನೀರಿಲ್ದವರನ್ನ ಬಿಸಲಿಗೆ ಹಾಕ್ತಾರೇನು?"

ಕೈಯಲ್ಲಿದ್ದ ಸಿಡಿಯನ್ನು ಬಿಟ್ಟೆ. ಅವಳೇ ಮುಂದುವರಿಸಿದಳು. "ನೀ ಸಿಟ್ಟಾಗಬ್ಯಾಡ ತಮ್ಮಾ, ಒಂದ ಮಾತ ಹೇಳ್ತೇನಿ. ನಿನ್ನ ಪ್ಲೇಟಿನ್ಯಾಗ ಒಂದ ಕೊರತಿ ಇತ್ತು. ಮುತ್ತ್ಯಾ ಹಾಡೂ ಮುಂದ ಹೆಸರಿನ ನುಡಿ ಬಂತಂದ್ರ ನಾವು ಹೆಣ್ಮಕ್ಕಳು ಕೊಡ ಎತ್ತತಿದ್ದೆವು, ಎಲ್ಲಾರಿಗೂ ನೀರ ಕೊಡಾಕ. ಪ್ಲೇಟಿನ್ಯಾಗ ಅದು ಬರಲೇ ಇಲ್ಲ. ಮುಗೀತೋ ಇಲ್ಲೋ ಯಾರಿಗೂ ತಿಳೀಲಿಲ್ಲ. ಅವತ್ತ ಎಷ್ಟೋ ಮಂದಿ ಹಂಗ ಎದ್ದ ಹೋದರು, ನೀರ ಕುಡೀಲಾರದ."

"ಆ ನುಡಿ ನಿನಗ ಬರ್ತದೇನ್ ಯಕ್ಕಾ?" ಗಡಬಡಿಸಿ ಕೇಳಿದೆ.

"ಅಷ್ಟ ಬರ್ತದ ನೋಡು. ಕೊಡ ಎತ್ತಬೇಕಲ್ಲ."

ಮೊಬೈಲು ತೆಗೆದೆ. ರೆಕಾರ್ಡಿಂಗ್ ಒತ್ತಿದೆ. ಜಾಗ ಇಲ್ಲ ಎಂದು ತೋರಿಸಿತು. ಹಬ್ಬದ ಶುಭಾಶಯ, ಯಾರ ಯಾರದೋ ಮದುವೆಯ ವಿಡಿಯೋ, ಅವೆಲ್ಲ ತುಂಬಿಕೊಂಡು ಕೂತಿದ್ದವು. ಒಂದೊಂದಾಗಿ ಅಳಿಸತೊಡಗಿದೆ. ಬೆವರಿದ ಬೆರಳಿಗೆ ಪರದೆ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಅವಳು ಬೇವಿನ ಗಿಡದ ಬುಡದಲ್ಲಿದ್ದ ಕೊಡಪಾನದ ಮೇಲೆ ಕೈ ಇಟ್ಟು, ನನ್ನ ಕಡೆ ನೋಡದೆ ಶುರು ಮಾಡಿಯೇಬಿಟ್ಟಿದ್ದಳು.

ನಿಲ್ಲು ಅನ್ನಲು ಬಾಯಿ ತೆರೆದೆ. ಅನ್ನಲಿಲ್ಲ. ಆ ನುಡಿಯನ್ನು ನಡುವೆ ನಿಲ್ಲಿಸುವಂತಿರಲಿಲ್ಲ.

ಮೊಬೈಲನ್ನು ಜೇಬಿಗೆ ಹಾಕಿದೆ. ಊರಿನ ಹೆಸರು ಬಂತು, ಗುರುವಿನ ಹೆಸರು ಬಂತು. ಗಂಡನ ಹೆಸರು ಬಂದಲ್ಲಿ ಬಾಯಿಬಿಟ್ಟು ಹೇಳದೆ ನಕ್ಕು ಮುಂದೆ ಹೋದಳು. ಕೊನೆಗೆ ಬಂತು:

"ಕೈ ಮುಗದ ಹೇಳ್ಯಾನ ಲಾಲಸಾಬ,
ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋರಿ,
ನಿಂತವರು ಕೂತವರು ನೀರ ಕುಡೀರಿ."

ತಂಬಿಗೆ ಮುಂದೆ ಮಾಡಿದಳು. ಕುಡಿದೆ.

"ಇನ್ನಷ್ಟ ಹಾಕ್ಲೇನು?" ಅಂದಳು.

ಹಾಕು ಎಂದು ತಂಬಿಗೆ ಹಿಡಿದೆ.